ಮಡಚಿಟ್ಟ ಕೈಪಟ್ಟಿ

"ಇದನ್ನ ಯಾರಾದ್ರೂ ಬಿಚ್ಚಿ, ಆಮೇಲೆ ಮಡಚಿಟ್ರಾ ಸರ್?"

"ಆ ಗಬ್ಬನ್ನ ಯಾರಮ್ಮ ಮುಟ್ತಾರೆ?" ಇನ್‌ಸ್ಪೆಕ್ಟರ್ ಷಡಕ್ಷರಿ ಮೇಜಿನ ಮೇಲಿದ್ದ ಲಕೋಟೆಯನ್ನು ಪೆನ್ನಿನ ತುದಿಯಿಂದ ಅತ್ತ ನೂಕಿದರು. "ಹುಡುಗನ ಬ್ಯಾಗಲ್ಲಿ ಹೇಗಿತ್ತೋ ಹಾಗೇ ಕವರಿಗೆ ಹಾಕಿದೀವಿ. ಜೀಪು ಬಂದ್ರೆ ಮೈಸೂರಿನ ಲ್ಯಾಬಿಗೆ ಹೋಗುತ್ತೆ."

ಸಬ್ ಇನ್‌ಸ್ಪೆಕ್ಟರ್ ಪ್ರೇಮಾ ಲಕೋಟೆಯ ಮೇಲೆ ಬಗ್ಗಿದಳು. ಒಳಗೆ ಎರಡು ಕೈಪಟ್ಟಿಗಳಿದ್ದವು. ಬಾಕ್ಸಿಂಗ್ ಕಲಿಯುವವರು ಗ್ಲೌಸ್ ಹಾಕುವ ಮುಂಚೆ ಮಣಿಕಟ್ಟಿಗೆ, ಅಂಗೈಗೆ, ಬೆರಳ ಗೆಣ್ಣುಗಳಿಗೆ ಸುತ್ತಿಕೊಳ್ಳುವ ಉದ್ದನೆಯ ಹತ್ತಿಯ ಪಟ್ಟಿ. ಒಂದು ತುದಿಗೆ ಹೆಬ್ಬೆರಳಿಗೆ ಸಿಕ್ಕಿಸುವ ಕುಣಿಕೆ, ಇನ್ನೊಂದು ತುದಿಗೆ ಅಂಟಿಸುವ ತುಂಡು. ಮೊದಲು ಹಳದಿ ಬಣ್ಣವಿದ್ದಿರಬೇಕು. ಈಗ ಅರ್ಧಕ್ಕೆ ಅರ್ಧ ಒಣಗಿದ ರಕ್ತದ ಕಂದು.

ಭಾನುವಾರ ಬೆಳಿಗ್ಗೆ ಬಾಕ್ಸಿಂಗ್ ಹಾಲಿನಲ್ಲಿ ರಾಮಾಪುರದ ಮಣಿಕಂಠ ತಲೆಯೊಡೆದು ಸತ್ತು ಬಿದ್ದಿದ್ದ, ಅಜ್ಜೀಪುರದ ಮಾದೇಶ ಅಲ್ಲೇ ಬಿಟ್ಟುಹೋಗಿದ್ದ ಚೀಲದಲ್ಲಿ ಈ ಪಟ್ಟಿಗಳು ಸಿಕ್ಕಿದ್ದವು, ಸಂಜೆಗೆ ಮಾದೇಶ ಲಾಕಪ್ಪಿನೊಳಗಿದ್ದ. ಷಡಕ್ಷರಿಯವರ ಮಟ್ಟಿಗೆ ಕಥೆ ಅಲ್ಲಿಗೆ ಮುಗಿದಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿಯ ಅಧಿಕಾರಿ ಅವರು. ಕಟ್ಟಿಯೂ ಆಗಿತ್ತು. ಇನ್ನು ಮಧ್ಯಾಹ್ನ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ ಜೈಲಿಗೆ ಕಳಿಸುವುದಷ್ಟೇ ಬಾಕಿ.

"ಯಾರೂ ಮುಟ್ಟಿಲ್ಲ ಅಂದ್ರೆ, ಬ್ಯಾಗಿಗೆ ಹಾಕಿದವನೇ ಹೀಗೆ ಮಡಚಿದಾನೆ," ಎಂದಳು ಪ್ರೇಮಾ.

"ಅದಕ್ಕೇನೀಗ? ಬಟ್ಟೆ ಮಡಚೋದು ಯಾವ ಸೆಕ್ಷನ್ನಲ್ಲಿ ಅಪರಾಧ?"

ತಮ್ಮ ಹಾಸ್ಯಕ್ಕೆ ತಾವೇ ನಕ್ಕರು. ಹೆಡ್ ಕಾನ್‌ಸ್ಟೇಬಲ್ ಪುಟ್ಟಮಾದಯ್ಯ ನಗಲಿಲ್ಲ, ಗೋಡೆಯ ಕ್ಯಾಲೆಂಡರ್ ನೋಡಿದ.

ಹೆಸರಿಗೆ ಪ್ರೇಮಾ. ಯಳಂದೂರಿನಲ್ಲಿ ಹುಟ್ಟಿದಾಗ ಏನು ನೋಡಿ ಆ ಹೆಸರಿಟ್ಟರೋ, ಠಾಣೆಗೆ ಬಂದ ಮೇಲೆ ಆ ಪ್ರೇಮದಲ್ಲಿ ಯಾರಿಗೂ ಒಂದು ಚಿಟಿಕೆ ಸಿಕ್ಕಿರಲಿಲ್ಲ. ಕಳ್ಳರನ್ನು ಕಂಡರೆ ಅವಳಿಗೆ ಸಿಟ್ಟು, ದಡ್ಡರನ್ನು ಕಂಡರೆ ಅಸಹ್ಯ. ಷಡಕ್ಷರಿಯವರು ಕಳ್ಳರಲ್ಲ.

"ಸರ್, ಬಾಕ್ಸಿಂಗ್ ಮಾಡೋರು ಪಟ್ಟೀನ ಮಡಚಲ್ಲ. ಸುರುಳಿ ಸುತ್ತುತಾರೆ. ಅಂಟೋ ತುದಿ ಒಳಗೆ, ಕುಣಿಕೆ ಹೊರಗೆ. ಮಾರನೇ ದಿನ ಕುಣಿಕೇನ ಹೆಬ್ಬೆರಳಿಗೆ ಹಾಕಿ ಕೈಗೆ ಸುತ್ತಾ ಹೋದ್ರೆ ಸುರುಳಿ ತಾನೇ ಬಿಚ್ಕೊಳ್ಳುತ್ತೆ. ಮಡಚಿಟ್ರೆ ಸಿಕ್ಕಾಗುತ್ತೆ, ಸುಕ್ಕಾಗುತ್ತೆ, ಆ ಸುಕ್ಕು ಗ್ಲೌಸಿನೊಳಗೆ ಚರ್ಮ ಕೀಳುತ್ತೆ. ಕಲಿಯೋಕೆ ಬಂದ ಮೊದಲನೇ ವಾರಾನೇ ಇದನ್ನ ಹೇಳ್ಕೊಡ್ತಾರೆ."

"ಕೊಲೆ ಮಾಡಿ ಓಡೋನು ಸುಕ್ಕು ನೋಡ್ತಾನೇನಮ್ಮ?"

"ಅದೇ ನಾನೂ ಕೇಳ್ತಿರೋದು. ಕೊಲೆ ಮಾಡಿ ಓಡೋನು ಕೂತ್ಕೊಂಡು ಇಷ್ಟು ನೀಟಾಗಿ ಮಡಚ್ತಾನಾ?"

ಪಟ್ಟಿಗಳು ಅಂಗೈ ಅಗಲಕ್ಕೆ ಪದರದ ಮೇಲೆ ಪದರವಾಗಿ ಕೂತಿದ್ದವು. ಅಂಚಿಗೆ ಅಂಚು ಸರಿಯಾಗಿತ್ತು. ಕೊನೆಯ ತುದಿಯನ್ನು ಒಳಕ್ಕೆ ಸೇರಿಸಿ, ರವಿಕೆ ಕಣದ ಹಾಗೆ ಚೊಕ್ಕಟ ಮಾಡಿತ್ತು. ಒಂದು ಪದರದ ಕಲೆ ಎದುರು ಪದರದ ಮೇಲೆ ಅಚ್ಚೊತ್ತಿತ್ತು. ಅಂದರೆ ಮಡಚುವಾಗ ಪಟ್ಟಿ ಒದ್ದೆಯಾಗಿತ್ತು.

"ಅವನ್ ಕೈಲಿ ಒಂದ್ ಗೀರೂ ಇಲ್ಲ ಸಾ," ಎಂದ ಪುಟ್ಟಮಾದಯ್ಯ, ಮಾದೇಶನ ಪರವಾಗಿ ತನ್ನದೂ ಒಂದು ಮಾತಿರಲಿ ಎಂಬಂತೆ. "ತಲೆ ಒಡ್ಯಂಗೆ ಒಡ್ದೋನ್ ಕೈ ಊದ್ಕಬೇಕಲ್ವ?"

"ಅದು ಲೆಕ್ಕಕ್ಕಿಲ್ಲ ಪುಟ್ಟಮಾದಯ್ಯೋರೆ. ಪಟ್ಟಿ ಸರಿಯಾಗಿ ಕಟ್ಟಿದ್ರೆ ಕೈ ಊದಲ್ಲ. ಊದಬಾರದು ಅಂತಾನೇ ಕಟ್ಟೋದು." ಪ್ರೇಮಾ ಟೋಪಿ ತೆಗೆದುಕೊಂಡಳು. "ಸರ್, ಕೋರ್ಟಿಗೆ ಕರ್ಕೊಂಡು ಹೋಗೋಕೆ ಇನ್ನೂ ಹೊತ್ತಿದೆ. ನಾನು ರೇಷ್ಮೆ ಅಂಗಡಿಗೆ ಹೋಗಿ ಬರ್ತೀನಿ."

"ಸೀರೆ ತಗೊಳ್ಳೋಕಾ?"

"ಹೌದು ಸರ್. ನಿಮಗೂ ಒಂದು ತರ್ಲಾ?"

ಉತ್ತರಕ್ಕೆ ಕಾಯದೆ ಹೊರಗೆ ಬಂದಳು.

ಜಗುಲಿಯ ಕಲ್ಲುಬೆಂಚಿನ ಮೇಲೆ ಚಾಮುಂಡಮ್ಮ ಕೂತಿದ್ದಳು. ಮಾದೇಶನ ತಾಯಿ. ಬೆಳಗಿನ ಮೊದಲ ಬಸ್ಸಿಗೆ ಅಜ್ಜೀಪುರದಿಂದ ಬಂದವಳು ಅತ್ತಿರಲಿಲ್ಲ, ಕೊಟ್ಟ ಟೀ ಕುಡಿದಿರಲಿಲ್ಲ, ಲೋಟ ಕೆನೆಗಟ್ಟಿ ಪಕ್ಕದಲ್ಲೇ ಇತ್ತು. ಕೂಲಿಗೆ ಹೋಗಿ ಹೋಗಿ ಕಪ್ಪಾದ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಬಾಗಿಲನ್ನೇ ನೋಡುತ್ತಿದ್ದಳು.

"ತಾಯಿ, ನನ್ ಮಗನ್ನ ಜೈಲ್ಗೆ ಆಕ್ಬುಡ್ತಾರಾ?"

"ಸ್ವಲ್ಪ ಹೊತ್ತು ಇರವ್ವ."

"ಪೋಲೀಸ್ ಕೆಲ್ಸುಕ್ಕೆ ಆಯ್ಕೆ ಆಯ್ತೀನಿ ಕಣವ್ವ ಅಂತಿದ್ದ. ಪೋಲೀಸ್ನೋರ ತಾವ್ಕೇ ಬಂದ್ಬುಟ್ಟ ನೋಡಿ." ಬಾಯಿಗೆ ಸೆರಗು ಒತ್ತಿಕೊಂಡಳು.

ಪ್ರೇಮಾಗೆ ಸಮಾಧಾನದ ಮಾತು ಬರುತ್ತಿರಲಿಲ್ಲ. ಜೀಪು ಹತ್ತಿದಳು. ಇವತ್ತು ಒಂದು ಸಲ ಆ ಹುಡುಗ ಕೊಲೆ ಕೇಸಿನಲ್ಲಿ ಜೈಲಿನ ಬಾಗಿಲು ದಾಟಿದರೆ, ನಾಳೆ ಬಿಟ್ಟರೂ ಕ್ರೀಡಾ ಕೋಟಾದ ಕೆಲಸ ಹೋಯಿತು. ನಾಳೆಯೇ ಬಿಡುತ್ತಾರೆಂದು ಹೇಳುವವರು ಯಾರು? ಷಡಕ್ಷರಿಯವರು ಕಟ್ಟಿದ ಕೇಸನ್ನು ಬಿಚ್ಚುವಷ್ಟರಲ್ಲಿ ಹುಡುಗನ ತಲೆ ನರೆಯುತ್ತದೆ.

ಗುರುಪಾದಸ್ವಾಮಿಯ ರೇಷ್ಮೆ ಅಂಗಡಿ ಕೊಳ್ಳೇಗಾಲದ ದೊಡ್ಡ ಬೀದಿಯಲ್ಲಿ ಮೂರು ಮಳಿಗೆ ಅಗಲಕ್ಕೆ ಹಲ್ಲು ಕಿರಿದುಕೊಂಡು ನಿಂತಿದೆ. ಕೆಳಗೆ ಸೀರೆ. ಮೇಲೆ, ಹಳೆಯ ಗೋದಾಮಿನಲ್ಲಿ, ವಿಜಯಮುಷ್ಟಿ ಬಾಕ್ಸಿಂಗ್ ಅಕಾಡೆಮಿ. ಮೂರು ತಲೆಮಾರಿನಿಂದ ಜರಿ ಅಂಚು ಮಾರಿದವನಿಗೆ ಬಾಕ್ಸಿಂಗಿನ ಹುಚ್ಚು ಎಲ್ಲಿಂದ ಬಂತೆಂದು ಊರಿನಲ್ಲಿ ಕೇಳುವವರಿಲ್ಲ. ಪೋಸ್ಟರಿನ ಹುಚ್ಚು ಅನ್ನಿ, ಎಲ್ಲರಿಗೂ ಅರ್ಥವಾಗುತ್ತದೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವನು ಗ್ಲೌಸ್ ಹಾಕಿಕೊಂಡ.

ಬಾಗಿಲ ಮೇಲಿನ ಪೋಸ್ಟರಿನಲ್ಲಿ ಅವನು ಆಳೆತ್ತರಕ್ಕೆ ನಿಂತಿದ್ದ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಕೈಗೆ ಕೆಂಪು ಗ್ಲೌಸು, ಮುಖದಲ್ಲಿ ಮದುವೆ ಗಂಡಿನ ಗಾಂಭೀರ್ಯ. "ಅಂತರರಾಷ್ಟ್ರೀಯ ಮುಷ್ಟಿಯುದ್ಧ ತರಬೇತುದಾರರು" ಎಂದು ಕೆಳಗೆ ಬರೆದಿತ್ತು. ಪ್ರೇಮಾ ಪೋಸ್ಟರಿನ ಗ್ಲೌಸುಗಳನ್ನು ಒಂದು ಕ್ಷಣ ನೋಡಿದಳು. ಎಡಗೈಯದು ಬಲಗೈಯಲ್ಲಿತ್ತು, ಬಲಗೈಯದು ಎಡಗೈಯಲ್ಲಿತ್ತು.

"ಪುಟ್ಟಮಾದಯ್ಯೋರೆ, ಫೋನಲ್ಲಿ ವಿಡಿಯೋ ತೆಗೆಯೋಕೆ ಬರುತ್ತಾ?"

"ಮೊಮ್ಮಗೂದು ತಗ್ದೀವ್ನಿ ಮೇಡಂ."

"ಹಾಗಾದ್ರೆ ಇವನದೂ ತಗೀರಿ. ನಾನು ಪಟ್ಟಿ ಕೆಳಗೆ ಬಿಟ್ಟ ಕೂಡಲೇ ಶುರು ಮಾಡಿ. ಅವನ ಮುಖ ಬೇಡ, ಕೈ ತೆಗೀರಿ."

ಒಳಗೆ ಬಿಳಿ ಗಾದಿಯ ಮೇಲೆ ಹನೂರಿನ ಮದುವೆ ಮನೆಯ ಹೆಂಗಸರು ಕೂತಿದ್ದರು. ಅವರ ಮುಂದೆ ಹತ್ತಾರು ಸೀರೆಗಳು ಹರಡಿದ್ದವು. ಗುರುಪಾದಸ್ವಾಮಿ ತಾನೇ ಕೂತು ಸೆರಗು ಬಿಚ್ಚಿ ತೋರಿಸುತ್ತಿದ್ದ. ಕೊರಳಲ್ಲಿ ಕರಡಿಗೆಯ ದಾರದ ಜೊತೆಗೆ ಸ್ಟೀಲಿನ ವಿಷಲ್ಲೂ ನೇತಾಡುತ್ತಿತ್ತು. ಮೇಲಿನ ಹಾಲಿಗೆ ಪೊಲೀಸರು ಬೀಗ ಹಾಕಿದ್ದರು, ಅಲ್ಲಿ ಒಬ್ಬ ಹುಡುಗ ಸತ್ತಿದ್ದ, ಆದರೂ ವಿಷಲ್ ಮಾತ್ರ ಕೊರಳು ಬಿಟ್ಟಿರಲಿಲ್ಲ.

"ಬನ್ನಿ ಮೇಡಂ, ಬನ್ನಿ! ಏ, ಮೇಡಮ್ಮೋರಿಗೆ ಜ್ಯೂಸ್ ತಗಂಡ್ ಬಾರಪ್ಪ." ಆಮೇಲೆ ನೆನಪಾದಂತೆ ಮುಖ ಸಣ್ಣದು ಮಾಡಿದ. "ಮಣಿಕಂಠ ನನ್ ಮಗನಂಗಿದ್ದ ಮೇಡಂ. ಆ ಮಾದೇಶ, ಆಲೆರೆದು ಸಾಕಿದ ಆವು. ಸೆಲೆಕ್ಷನ್ನಿಗೆ ಒಬ್ರನ್ನೇ ಕಳ್ಸೋದು ಅಂದಿದ್ದಕ್ಕೆ ಶುಕ್ರವಾರ ಎಲ್ರ ಎದುರ್ಗೇ ಇಬ್ರೂ ಕೈ ಕೈ ಮಿಲಾಯಿಸಿದ್ರು."

"ಗೊತ್ತು. ಅವನ ಬ್ಯಾಗ್ ನೋಡಿ ಅಂತ ನೀವೇ ಹೇಳಿದ್ರಂತೆ."

"ನಾಗರಿಕನ ಕರ್ತವ್ಯ ಮೇಡಂ."

ಪ್ರೇಮಾ ಗಾದಿಯ ಅಂಚಿಗೆ ಕೂತಳು. ಚೀಲದಿಂದ ತನ್ನದೇ ಕೈಪಟ್ಟಿಯ ಎರಡು ಸುರುಳಿಗಳನ್ನು ತೆಗೆದು ಮುಂದಿಟ್ಟಳು. ಪೊಲೀಸ್ ತರಬೇತಿಯಲ್ಲಿ ಶುರುವಾದ ಚಟ ಅದು. ಇವತ್ತಿಗೂ ದಿನಾ ಬೆಳಿಗ್ಗೆ ಕ್ವಾರ್ಟರ್ಸಿನ ಹಿಂದಿನ ಬೇವಿನ ಮರಕ್ಕೆ ಕಟ್ಟಿದ ಮರಳುಚೀಲಕ್ಕೆ ಗುದ್ದುತ್ತಿದ್ದಳು. ಯಾರ ಮುಖ ನೆನೆದು ಗುದ್ದುತ್ತಾಳೆಂದು ಠಾಣೆಯಲ್ಲಿ ಎಲ್ಲರಿಗೂ ಊಹೆಯಿತ್ತು.

"ಸ್ವಾಮಿಗಳೇ, ನೀವು ಅಂತರರಾಷ್ಟ್ರೀಯ ಕೋಚು. ನನಗೊಂದು ಡೌಟು. ಇದನ್ನ ಕೈಗೆ ಹೇಗೆ ಕಟ್ಟೋದು ತೋರಿಸಿ."

"ಈಗಲಾ? ಗಿರಾಕಿಗಳವ್ರೆ..."

"ಅವರೂ ನೋಡ್ಲಿ. ಮದುವೆ ಮನೆಯೋರು, ಮುಂದೆ ಉಪಯೋಗಕ್ಕೆ ಬರುತ್ತೆ."

ಹೆಂಗಸರು ಕಿಸಕ್ಕೆಂದರು. ಒಬ್ಬ ಮುದುಕಿ ಕನ್ನಡಕ ಸರಿ ಮಾಡಿಕೊಂಡಳು. ಗುರುಪಾದಸ್ವಾಮಿಗೆ ಹಿಂದೆ ಸರಿಯುವ ದಾರಿ ಇರಲಿಲ್ಲ. ಕುಣಿಕೆಯನ್ನು ಹೆಬ್ಬೆರಳಿಗೆ ಹಾಕಿಕೊಂಡ, ಅಷ್ಟು ಅವನಿಗೆ ಗೊತ್ತಿತ್ತು. ಅಲ್ಲಿಂದ ಪಟ್ಟಿಯನ್ನು ಅಂಗೈ ಮೇಲೆ ಎಳೆದು, ನಾಲ್ಕು ಬೆರಳನ್ನೂ ಒಟ್ಟಿಗೆ ಸೇರಿಸಿ ಗರಗರ ಸುತ್ತಿದ. ಬೆರಳ ಸಂದಿಯಲ್ಲಿ ಒಂದು ಸುತ್ತೂ ಹಾಯಲಿಲ್ಲ. ಮಣಿಕಟ್ಟಿಗೆ ಒಂದು ಸುತ್ತೂ ಇಲ್ಲ. ಸುಟ್ಟ ಕೈಗೆ ಅವಸರದಲ್ಲಿ ಬಟ್ಟೆ ಸುತ್ತಿದಂತಿತ್ತು.

"ಈಗ ಮುಷ್ಟಿ ಹಿಡೀರಿ."

ಹಿಡಿದ. ಪಟ್ಟಿ ಸಡಿಲವಾಗಿ ಜೋತುಬಿತ್ತು.

"ಇದು ಲೋಕಲ್ ಮಾಲು ಮೇಡಂ. ಕ್ವಾಲಿಟಿ ಇಲ್ಲ."

"ಕುಣೀನಾರ್ದೋಳು ನೆಲ ಡೊಂಕು ಅಂದ್ಲಂತೆ," ಎಂದ ಪುಟ್ಟಮಾದಯ್ಯ ಛಾವಣಿಗೆ.

ಪ್ರೇಮಾ ಎರಡನೇ ಸುರುಳಿ ಎತ್ತಿಕೊಂಡಳು. ಮಾತಾಡುತ್ತಲೇ ಎಡಗೈಗೆ ಸುತ್ತಿದಳು. "ಬೆರಳು ಅಗಲಿಸಬೇಕು. ಕುಣಿಕೆಯಿಂದ ಪಟ್ಟಿ ಕೈಯ ಹಿಂಭಾಗದ ಮೇಲೆ ಹೋಗಬೇಕು, ಅಂಗೈ ಮೇಲಲ್ಲ. ಆಗ ಮುಷ್ಟಿ ಹಿಡಿದ್ರೆ ಬಿಗಿಯಾಗುತ್ತೆ. ಮೊದಲು ಮಣಿಕಟ್ಟು. ಆಮೇಲೆ ಗೆಣ್ಣಿನ ಮೇಲೆ. ಆಮೇಲೆ ಒಂದೊಂದು ಬೆರಳ ಸಂದೀಲೂ ಹಾಯಿಸಿ ತರಬೇಕು. ಹೆಬ್ಬೆರಳು ಬೇರೆಯಾಗಿ. ಕೊನೆಗೆ ಮತ್ತೆ ಮಣಿಕಟ್ಟು." ಅಂಟಿಸಿ, ಮುಷ್ಟಿ ಹಿಡಿದು ಗಾದಿಯ ಮೇಲೆ ಒಂದು ಗುದ್ದು ಗುದ್ದಿದಳು. ಜರಿ ಸೀರೆಯೊಂದು ನೆಗೆದುಬಿತ್ತು. "ಕೈಯಲ್ಲಿರೋದು ಸಣ್ಣ ಸಣ್ಣ ಮೂಳೆ ಸ್ವಾಮಿಗಳೇ. ನೀವು ಕಟ್ಟಿದ ಹಾಗೆ ಕಟ್ಕೊಂಡು ಗುದ್ದಿದ್ರೆ ಮೊದಲ ದಿನಾನೇ ಮುರೀತವೆ. ಊರಿನ ಮಕ್ಕಳ ಕೈಗಳನ್ನ ನಿಮ್ಮ ಕೈಗೆ ಒಪ್ಪಿಸಿದಾರೆ."

ಗುರುಪಾದಸ್ವಾಮಿಯ ಕಿವಿ ಕೆಂಪಾಯಿತು. "ಅದನ್ನೆಲ್ಲ ಶಿವರುದ್ರಸ್ವಾಮಿ ಮೇಷ್ಟ್ರು ಏಳ್ಕೊಡ್ತಾರೆ. ನಾನು ಮ್ಯಾನೇಜ್ಮೆಂಟು."

"ಅಂದ್ರೆ ಬೋರ್ಡಲ್ಲಿ ನೀವು, ಹಾಲಲ್ಲಿ ಅವರು. ಅವರು ಎಲ್ಲಿ?"

"ತುಮಕೂರಲ್ಲಿ ಪಂದ್ಯ ಅದೆ ಅಂತ ಓದ್ರು. ಮೆಸೇಜ್ ಮಾಡವ್ರೆ. ಫೋನ್ ಆಫ್ ಬರ್ತಾ ಅದೆ, ಚಾರ್ಜ್ ಇಲ್ವೇನೋ."

ಪ್ರೇಮಾ ತನ್ನ ಕೈಪಟ್ಟಿ ಬಿಚ್ಚಿದಳು. ಸುರುಳಿ ಸುತ್ತಲಿಲ್ಲ. ಬೇಕೆಂದೇ ಗೋಜಲು ಮಾಡಿ ಅವನ ಮೊಣಕಾಲ ಬಳಿ ಬಿಟ್ಟಳು. ಆಮೇಲೆ ಸೀರೆಗಳ ಕಡೆ ತಿರುಗಿ, ಪೊಲೀಸ್ ಕೆಲಸವನ್ನೇ ಮರೆತವಳ ಹಾಗೆ ಮಾತಿಗೆ ಶುರುವಿಟ್ಟಳು.

"ಈ ಗಿಣಿಹಸಿರು ಇಲ್ಲೇ ನೇಯ್ದಿದ್ದಾ?"

"ಇಲ್ಲೀದೇ ಮೇಡಂ, ಮಗ್ಗದ್ದೇ. ಒಳ್ಳೆ ಜರಿ." ವ್ಯಾಪಾರದ ಮಾತು ಬಂದ ಕೂಡಲೇ ಅವನ ಜೀವ ಮರಳಿತು. "ನಿಮ್ ಮೈಬಣ್ಣಕ್ಕೆ ಇದಕ್ಕಿಂತ ಆ ತುಂಬೆ ಬಣ್ಣ..."

"ಅಂಚು ಸ್ವಲ್ಪ ಅಗಲ ಆಯ್ತೇನೋ."

"ಈಗೆಲ್ಲ ಅಗಲಾನೇ ಕೇಳೋದು ಮೇಡಂ."

ಬಾಯಿ ಬಣ್ಣ ಹೇಳುತ್ತಿತ್ತು. ಕೈ ಸುಮ್ಮನಿರಲಿಲ್ಲ. ಹುಟ್ಟಿದಾಗಿನಿಂದ ಗಾದಿಯ ಮೇಲೆ ಕೂತು ಗಿರಾಕಿ ಕೆದಕಿದ್ದನ್ನು ಮಡಚುತ್ತ ಬಂದ ಕೈ, ಗೋಜಲಾಗಿ ಬಿದ್ದ ಬಟ್ಟೆಯನ್ನು ಸಹಿಸಲಿಲ್ಲ. ಪಟ್ಟಿಯ ತುದಿ ಹುಡುಕಿತು. ಅಂಗೈ ಅಗಲಕ್ಕೆ ಒಂದು ಪದರ, ಅದರ ಮೇಲೆ ಇನ್ನೊಂದು. ಹೆಬ್ಬೆರಳಿನಿಂದ ಅಂಚನ್ನು ಎರಡು ಸಲ ಒತ್ತಿ ಸವರಿತು. ಕೊನೆಯ ತುದಿಯನ್ನು ಒಳಕ್ಕೆ ಸೇರಿಸಿ ಮೇಲೊಂದು ತಟ್ಟು ತಟ್ಟಿ, ಮಾರಾಟಕ್ಕಿಟ್ಟ ರವಿಕೆ ಕಣದ ಹಾಗೆ ಪಕ್ಕಕ್ಕೆ ಇಟ್ಟಿತು.

ಪ್ರೇಮಾ ಮಾತು ನಿಲ್ಲಿಸಿದಳು. ಗುರುಪಾದಸ್ವಾಮಿ ಅವಳ ಕಣ್ಣು ಹೋದ ಕಡೆ ನೋಡಿದ. ತನ್ನ ಕೈ ಮಾಡಿಟ್ಟಿದ್ದನ್ನು ನೋಡಿದ.

"ನಮ್ ಅಂಗಡಿ ಹುಡುಗ್ರೆಲ್ಲ ಇಂಗೇ ಮಡಚೋದು ಮೇಡಂ," ಎಂದ ಥಟ್ಟನೆ.

"ನಾನೇನಾದ್ರೂ ಕೇಳಿದ್ನಾ?"

ಬೆವರು ವಿಭೂತಿಯ ಗೆರೆ ದಾಟಿ ಹುಬ್ಬಿಗೆ ಇಳಿಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಕಳ್ಳ ಅನ್ನುವ ಮುಂಚೆಯೇ ಹೆಗಲು ಸವೆಯುವಷ್ಟು ಸವರಿಕೊಳ್ಳುತ್ತಿದ್ದ.

"ಅಮ್ಮಾ, ನೀವೆಲ್ಲ ಒಂದ್ ಗಳಿಗೆ ಹೊರಗೆ ಕೂತ್ಕೊಳ್ಳಿ," ಎಂದಳು ಪ್ರೇಮಾ. ಹೆಂಗಸರು ಎದ್ದರು. ಕನ್ನಡಕದ ಮುದುಕಿ ಮಾತ್ರ ತಾನು ಆರಿಸಿದ ಸೀರೆಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಹೋದಳು.

"ಸ್ವಾಮಿಗಳೇ, ಮಾದೇಶನ ಬ್ಯಾಗಲ್ಲಿ ಸಿಕ್ಕ ಪಟ್ಟೀನೂ ಇದೇ ಮಡಿಕೇಲಿತ್ತು. ಅದೇ ಅಗಲ. ಅದೇ ಒಳಕ್ಕೆ ಸೇರಿಸಿದ ತುದಿ. ಮೇಲಿನ ಹಾಲಿನ ಬೀಗದ ಕೈ ನಿಮ್ಮ ಅಂಗಡಿ ಹುಡುಗರ ಹತ್ರ ಇರುತ್ತಾ?"

ಗುರುಪಾದಸ್ವಾಮಿಯ ಕೈ ಸೊಂಟಕ್ಕೆ ಹೋಯಿತು.

"ನಿಮ್ಮ ಸೊಂಟದಲ್ಲಿದೆ. ಕಾಣ್ತಿದೆ."

"ಮೇಡಂ, ದೇವ್ರಾಣೆ ನಾನ್ ಕೊಲೆ ಮಾಡಿಲ್ಲ!"

"ನಿಮ್ಮ ಕೈಲಿ ಕೊಲೆ ಆಗುತ್ತಾ? ಕೊಡಿ ಇಲ್ಲಿ." ಅವನ ಬಲಗೈ ಎಳೆದುಕೊಂಡಳು. ಮೈದಾ ಹಿಟ್ಟಿನ ಕಣಕದಂಥ ಕೈ, ಮೂರು ಉಂಗುರ. ಗೆಣ್ಣುಗಳು ಮಗುವಿನದರಂತೆ ಗುಳಿ ಬಿದ್ದಿದ್ದವು. ನೀವು ಕಟ್ಟಿದ ಹಾಗೆ ಪಟ್ಟಿ ಕಟ್ಟಿಕೊಂಡು ಹೊಡೆದಿದ್ದರೆ ಈ ಕೈ ಇಷ್ಟೊತ್ತಿಗೆ ಬ್ಯಾಂಡೇಜಿನಲ್ಲಿರುತ್ತಿತ್ತು ಎಂದು ಹೇಳಿ ಬಿಸಾಕುವವಳಂತೆ ಬಿಟ್ಟಳು. "ನೀವು ಹೊಡೆದಿಲ್ಲ. ಮಡಚಿದೀರಿ. ಯಾಕೆ?"

ಅವನು ಬಾಯಿ ಬಿಟ್ಟ. ಭಾನುವಾರ ಬೆಳಿಗ್ಗೆ ಹಾಲಿನ ಬಾಗಿಲು ತೆಗೆದಾಗ ಮಣಿಕಂಠ ರಿಂಗಿನ ಕಬ್ಬಿಣದ ಕಂಬದ ಬುಡದಲ್ಲಿ ಬಿದ್ದಿದ್ದನಂತೆ. ಗಾಬರಿಯಾಗಿ ಹಿಂದಿನ ಮೆಟ್ಟಿಲಿಂದ ಓಡುವಾಗ ಈ ಪಟ್ಟಿಗಳು ಮೆಟ್ಟಿಲ ಮೇಲೆ ಸಿಕ್ಕವಂತೆ. ರಾತ್ರಿಯ ಮಂಜಿಗೆ ನೆನೆದು ತಣ್ಣಗಿದ್ದವಂತೆ.

"ಆ ಮೆಟ್ಲು ನಮ್ ಗೋಡೌನ್ ಬಾಗಿಲಿಗೇ ಇಳಿಯೋದು ಮೇಡಂ. ಪೋಲೀಸ್ನೋರು ಬಂದ್ರೆ ಅಂಗಡಿ ಸೀಲ್ ಮಾಡ್ಬುಡ್ತಾರೆ. ಮದುವೆ ಸೀಜನ್ನು. ಎಂಗಿದ್ರೂ ಆ ಮಾದೇಶಂದೇ ಇರ್ಬೇಕು, ಜಗಳ ಆಡಿದ್ದ, ಅವನ್ ಬ್ಯಾಗೂ ಅಲ್ಲೇ ಬಿದ್ದಿತ್ತು..."

"ಒಬ್ಬ ಹುಡುಗ ಸತ್ತು ಬಿದ್ದಿದಾನೆ. ಇನ್ನೊಬ್ಬನನ್ನ ಗಲ್ಲಿಗೆ ಕಳಿಸೋ ಕೆಲಸ ಮಾಡ್ತಿದೀರಿ. ಆಗಲೂ ಕೂತ್ಕೊಂಡು ಅಂಚು ಸರಿ ಮಾಡಿದಿರಾ?"

"ಕೈಗೆ ಬಂದ ಬಟ್ಟೆ ಮಡ್ಚೋದು ಅಭ್ಯಾಸ ಮೇಡಂ. ನಂಗೆ ಗೊತ್ತೇ ಆಗ್ಲಿಲ್ಲ."

ಅದು ನಿಜವೆಂದು ಪ್ರೇಮಾಗೆ ಗೊತ್ತಿತ್ತು, ಅದಕ್ಕೇ ಅವಳಿಗೆ ಇನ್ನಷ್ಟು ಹೇಸಿಗೆಯಾಯಿತು. ಕೊಲೆಗಾರನಿಗಾದರೂ ಒಂದು ಸಿಟ್ಟಿರುತ್ತದೆ, ಒಂದು ದ್ವೇಷವಿರುತ್ತದೆ. ಇವನಿಗೆ ಇದ್ದದ್ದು ಸೀಜನ್ನು. ಕೂಲಿ ಹೆಂಗಸಿನ ಮಗನನ್ನು ರವಿಕೆ ಕಣದ ಜೊತೆಗೆ ಮಡಚಿ ಚೀಲಕ್ಕೆ ತುರುಕಿ, ಪೊಲೀಸರಿಗೆ ಪ್ಯಾಕ್ ಮಾಡಿ ಕೊಟ್ಟಿದ್ದ.

"ಪುಟ್ಟಮಾದಯ್ಯೋರೆ, ವಿಡಿಯೋ ಬಂತಾ?"

"ಬಂದದೆ ಮೇಡಂ. ಸೀರೆ ಬಣ್ಣಾನೂ ಬಂದದೆ."

"ಇವರನ್ನ ಜೀಪಿಗೆ ಹತ್ತಿಸಿ. ಆ ವಿಷಲ್ ಇಲ್ಲೇ ಬಿಡಲಿ."

ಗುರುಪಾದಸ್ವಾಮಿ ಜೀಪಿನ ಹಿಂದೆ ಹತ್ತುವಾಗ ಬೀದಿಯೆಲ್ಲ ನೋಡುತ್ತಿತ್ತು. ಮದುವೆ ಮನೆಯವರು ಪಕ್ಕದ ಅಂಗಡಿಗೆ ಆಗಲೇ ದಾಟಿಯಾಗಿತ್ತು.

ಠಾಣೆಯಲ್ಲಿ ಷಡಕ್ಷರಿಯವರು ವಿಡಿಯೋವನ್ನು ಎರಡು ಸಲ ನೋಡಿದರು. ಗುರುಪಾದಸ್ವಾಮಿಯ ಹೇಳಿಕೆ ಕೇಳಿದರು. ತಮ್ಮ ಮಗಳ ಮದುವೆಯ ಸೀರೆ ಅದೇ ಅಂಗಡಿಯದೆಂದು ನೆನಪಾಯಿತೋ ಏನೋ, ಮುಖ ಹುಳಿ ಮಾಡಿಕೊಂಡರು.

"ಇಷ್ಟಕ್ಕೇ ಹುಡುಗನ್ನ ಬಿಡೋಕಾಗಲ್ಲಮ್ಮ."

"ಬಿಡಬೇಡಿ ಸರ್. ಸಾಕ್ಷಿ ಇಟ್ಟಿದ್ದು ಬೇರೆಯವರು ಅಂತ ಕೋರ್ಟಿಗೆ ನಾನೇ ಹೇಳ್ತೀನಿ. ನಿಮ್ಮ ಕೇಸು ನಿಂತಿರೋದು ಆ ಬ್ಯಾಗಿನ ಮೇಲೆ. ಮ್ಯಾಜಿಸ್ಟ್ರೇಟರು ನಿಮ್ಮನ್ನ ಕೇಳೋ ಪ್ರಶ್ನೆಗೆ ನೀವೇ ಉತ್ತರ ಕೊಡಿ."

ಷಡಕ್ಷರಿಯವರಿಗೆ ಪ್ರಶ್ನೆಗಳೆಂದರೆ ಆಗದು. ಮತ್ತೊಮ್ಮೆ ವಿಚಾರಣೆ ಮಾಡಿ ಹೇಳಿಕೆ ತಗೋ, ಆಮೇಲೆ ನೋಡೋಣ ಎಂದು ಕೈ ಬೀಸಿದರು. ಅವರ ಭಾಷೆಯಲ್ಲಿ ಅದು ಸೋಲು.

ಪ್ರೇಮಾ ಚಾಮುಂಡಮ್ಮನನ್ನು ಒಳಗೆ ಕರೆದಳು. ಎರಡು ದಿನದಲ್ಲಿ ಮೊದಲ ಸಲ ಅವಳಿಗೆ ಯಾರ ಮೇಲೂ ಸಿಟ್ಟಿರಲಿಲ್ಲ.

ಲಾಕಪ್ಪಿನ ಸರಳಿನಾಚೆ ಮಾದೇಶ ಗೋಡೆಗೆ ಒರಗಿ ಕೂತಿದ್ದ. ಇಪ್ಪತ್ತರ ಹುಡುಗ, ಹೆಗಲು ದೊಡ್ಡವು, ಮುಖ ಇನ್ನೂ ಮೀಸೆಗೆ ಕಾಯುತ್ತಿತ್ತು. ತಾಯಿಯನ್ನು ನೋಡಿ ಎದ್ದ.

"ಮಾದೇಶ, ಆ ಪಟ್ಟಿ ನಿನ್ನ ಬ್ಯಾಗಿಗೆ ಇಟ್ಟಿದ್ದು ಗುರುಪಾದಸ್ವಾಮಿ. ಅವನೇ ಒಪ್ಕೊಂಡಿದಾನೆ. ಒಂದು ಮಾತು ಹೇಳು, ಬರ್ಕೊಂಡು ನಿನ್ನನ್ನ ಮನೆಗೆ ಕಳಿಸೋ ದಾರಿ ನೋಡ್ತೀನಿ. ಆ ಪಟ್ಟಿ ನಿಂದಲ್ಲ ತಾನೇ?"

ಚಾಮುಂಡಮ್ಮ ಸರಳು ಹಿಡಿದುಕೊಂಡಳು. "ಅಲ್ಲ ಅನ್ಲಾ ಮಗ."

ಮಾದೇಶ ತಾಯಿಯ ಮುಖ ನೋಡಿದ. ಪ್ರೇಮಾಳ ಮುಖ ನೋಡಿದ.

"ನಂದೇ ಮೇಡಂ."

"ಸುಮ್ಕಿರ್ಲಾ!"

"ನಂದೇ ಮೇಡಂ. ನಾನೇ ಕಟ್ಕಂಡಿದ್ದು. ಓಡೋವಾಗ ಮೆಟ್ಲು ಮ್ಯಾಲೆ ಕಿತ್ತಾಕ್ಬುಟ್ಟೆ."

ಪ್ರೇಮಾ ಇಷ್ಟು ಹೊತ್ತು ನಕ್ಕ ನಗೆಯೆಲ್ಲ ಅವಳ ಕಡೆಗೇ ತಿರುಗಿ ನಿಂತಿತು. ಮಡಚಿದವನು ಯಾರೆಂದು ಹಿಡಿದ ಖುಷಿಯಲ್ಲಿ, ಕಟ್ಟಿಕೊಂಡವನು ಯಾರೆಂದು ಕೇಳಿರಲಿಲ್ಲ.

"ಅದರ ಮೇಲಿನ ರಕ್ತ?"

"ನಾನ್ ಒಡ್ದಿದ್ದೇ."

"ಮತ್ತೆ ನಿನ್ನೆಯಿಂದ ಇಲ್ಲ ಇಲ್ಲ ಅಂತಿದ್ದೆಯಲ್ಲೋ?"

"ಮಣಿಕಂಠಂಗೆ ಒಡ್ದಾ ಅಂತ ಕೇಳುದ್ರು. ಇಲ್ಲ ಅಂದೆ. ಮಣಿಕಂಠಂಗೆ ನಾನ್ ಒಡ್ದಿಲ್ಲ ಮೇಡಂ." ಹುಡುಗ ಸರಳಿನ ಹತ್ತಿರ ಬಂದ. "ಮೇಷ್ಟ್ರುಗೆ ಒಡ್ದೆ. ಶಿವರುದ್ರಸ್ವಾಮಿ ಮೇಷ್ಟ್ರುಗೆ. ಶನಿವಾರ ಸಂಜೆ ನಾನು ಪಟ್ಟಿ ಕಟ್ಕಂಡ್ ಒಳೀಕ್ ಓದ್ರೆ, ಮೇಷ್ಟ್ರು ಮಣಿಕಂಠನ ಕತ್ತು ಇಸಕ್ತಾ ಇದ್ರು. ಬುಡಿ ಸಾ ಅಂದೆ, ಬುಡ್ನಿಲ್ಲ. ಒಡ್ದೆ. ಮೂಗಲ್ಲಿ ಬಾಯಲ್ಲಿ ರಕ್ತ ಬಂದು ಬಿದ್ಬುಟ್ರು. ಏಳ್ನೇ ಇಲ್ಲ. ಸತ್ತೋದ್ರು ಅಂತ ಎದ್ರಿ ಓಡ್ಬುಟ್ಟೆ. ನಾ ಓಡೋವಾಗ ಬಿದ್ದಿದ್ದು ಮೇಷ್ಟ್ರು ಮೇಡಂ. ಮಣಿಕಂಠ ನಿಂತಿದ್ದ."

ಬಾಗಿಲಲ್ಲಿ ಪುಟ್ಟಮಾದಯ್ಯ ಉಸಿರು ಬಿಡುವುದು ಕೇಳಿಸಿತು.

"ಭಾನ್ವಾರ ನೋಡುದ್ರೆ ಮಣಿಕಂಠ ಸತ್ತವ್ನೆ ಅಂದ್ರು. ಮೇಷ್ಟ್ರು ಏನಾದ್ರು ಅಂತ ಯಾರೂ ಏಳ್ನಿಲ್ಲ. ನಾನ್ ಅವರ್ನ ಸಾಯ್ಸಿದ್ರೆ ಅದ್ಕೂ ನಂಗೆ ಜೈಲೇ ಅಲ್ವ ಮೇಡಂ?"

"ಸತ್ತಿಲ್ಲ ಕಣ್ಲಾ," ಎಂದಳು ಚಾಮುಂಡಮ್ಮ.

ಅವಳು ಸರಳು ಬಿಟ್ಟು ನೆಲಕ್ಕೆ ಕುಸಿದಿದ್ದಳು. ಪ್ರೇಮಾ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತಳು.

"ಯಾರು ಸತ್ತಿಲ್ಲವ್ವ? ನಿನಗೆ ಹೇಗೆ ಗೊತ್ತು?"

"ಮೇಷ್ಟ್ರು ನಮ್ಮನೇಲೇ ಅವ್ರೆ ತಾಯಿ. ನೆನ್ನೆ ರಾತ್ರಿ ಮಕಕ್ಕೆ ಬಟ್ಟೆ ಸುತ್ಕಂಡ್ ಬೈಕಲ್ಲಿ ಬಂದ್ರು. ನಿನ್ ಮಗ ನನ್ ಎಸ್ರು ಎತ್ದೆ ಇದ್ರೆ ನಾನೇ ಲಾಯರ್ ಇಟ್ಟು ಬುಡುಸ್ತೀನಿ, ಎತ್ತುದ್ರೆ ಮಣಿಕಂಠನ್ ಸಾಯ್ಸಿದ್ದು ಅವ್ನೇ ಅಂತ ನಾನೇ ಸಾಕ್ಸಿ ಏಳ್ತೀನಿ ಅಂದ್ರು. ಗಾಯ ವಾಸಿ ಆಗೋಗಂಟ ಇಲ್ಲೇ ಇರ್ತೀನಿ ಅಂದ್ರು." ಪ್ರೇಮಾಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಇವತ್ತು ನಾನ್ ಟೇಸನ್ಗೆ ಒಂಟಾಗ ಬ್ಯಾಡ ಅನ್ನಿಲ್ಲ. ಓಗು, ಆದ್ರೆ ಮಗಳನ್ನ ಬುಟ್ಟೋಗು ಅಂದ್ರು. ಅವ್ಳು ನಂತಾವ್ಲೇ ಇರ್ಲಿ, ನೀನು ಬಾಯ್ ಬುಡ್ದಂಗೆ ಅಂದ್ರು."